ಮೀನಿನ ಹೆದರಿಕೆಯನ್ನು ಓದುವುದು ಹೇಗೆ? ಹಳ್ಳದ ದಡದಲ್ಲೂ ಮನೆಯ ತೊಟ್ಟಿಯಲ್ಲೂ ನೋಡಿ ಬರೆದಿಡಲು ಒಂದು ಸಮಗ್ರ ಮಾರ್ಗದರ್ಶಿ

ಹಳ್ಳದ ದಡದಲ್ಲಿ ನಿಂತು ಕೈ ಬೀಸಿದರೆ ಮರಿಮೀನುಗಳು ದಿಕ್ಕಾಪಾಲಾಗುತ್ತವೆ. ಚಿಕ್ಕಂದಿನಲ್ಲಿ ನಾವೆಲ್ಲ ಆಡಿದ ಆಟ ಇದು. ಮೀನಿನ ಹೆದರಿಕೆಯೆಂದರೆ ಇಷ್ಟೇ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಒಂದೇ ಹಿಂಡನ್ನು ದಿನಗಟ್ಟಲೆ ನೋಡತೊಡಗಿದ ಮೇಲೆ ಗೊತ್ತಾಯಿತು, ಓಟವೆಂಬುದು ಮೀನಿನ ಕಟ್ಟಕಡೆಯ ಉಪಾಯ. ಅದಕ್ಕೂ ಎಷ್ಟೋ ಮೊದಲೇ ಅದು ತಿನ್ನುವುದನ್ನು ಕಡಿಮೆ ಮಾಡಿರುತ್ತದೆ, ಪಕ್ಕದ ಮೀನಿಗೆ ಒತ್ತಿಕೊಂಡಿರುತ್ತದೆ, ತಳಕ್ಕೆ ಇಳಿದಿರುತ್ತದೆ. ಕೆಲವೊಮ್ಮೆ ಬೇಟೆಗಾರನ ಹತ್ತಿರಕ್ಕೇ ಹೋಗಿ ದಿಟ್ಟಿಸಿ ನೋಡಿ ಬಂದಿರುತ್ತದೆ. ಹೊಟ್ಟೆಪಾಡು ಒಂದು ಕಡೆ, ಜೀವಭಯ ಇನ್ನೊಂದು ಕಡೆ. ಇವೆರಡರ ನಡುವೆ ಸಣ್ಣ ಮೀನು ದಿನವಿಡೀ ಮಾಡುವ ಲೆಕ್ಕಾಚಾರವನ್ನು ನೋಡುವುದೇ ಈ ಮಾರ್ಗದರ್ಶಿಯ ಉದ್ದೇಶ.

ಶಾಲೆಯ ವಿಜ್ಞಾನ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ, ಮನೆಯಲ್ಲಿ ಅಕ್ವೇರಿಯಂ ಇಟ್ಟವರಿಗೆ, ಕೆರೆಯ ಬದಿಯಲ್ಲಿ ಹಕ್ಕಿ ನೋಡಲು ಕೂರುವವರಿಗೆ ಇದು ಉಪಯೋಗಕ್ಕೆ ಬರಬಹುದು. ನೋಟ್‌ಬುಕ್, ಪೆನ್ಸಿಲ್, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ತೊಟ್ಟಿಯ ಪ್ರಯೋಗಕ್ಕೆ ಮಾತ್ರ ಎರಡು ಗಾಜಿನ ತೊಟ್ಟಿ, ಒಂದು ದಪ್ಪ ರಟ್ಟು, ಬಣ್ಣದ ಟೇಪು ಬೇಕು. ಶುರು ಮಾಡುವ ಮೊದಲೇ ಒಂದು ಮಾತು ಕೊಡಬೇಕು: ನೋಡುವ ಕುತೂಹಲಕ್ಕಾಗಿ ಯಾವ ಮೀನನ್ನೂ ಇನ್ನೊಂದರ ಬಾಯಿಗೆ ಒಡ್ಡಬಾರದು, ಯಾವುದಕ್ಕೂ ಗಾಯ ಮಾಡಬಾರದು. ಕೆಳಗೆ ಹೇಳಿರುವ ಎಲ್ಲವನ್ನೂ ಒಂದು ಹುರುಪೆಯೂ ಉದುರದಂತೆ ಮಾಡಬಹುದು.

ಹಂತ 1: ಮೀನನ್ನು ಆರಿಸಿಕೊಳ್ಳಿ

ಮೊದಲ ಸಲಕ್ಕೆ ಗಪ್ಪಿ ಒಳ್ಳೆಯದು. ಅಗ್ಗವಾಗಿ ಸಿಗುತ್ತದೆ, ಗಟ್ಟಿ ಜೀವ, ಹಗಲೆಲ್ಲ ಚುರುಕಾಗಿರುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ನಮ್ಮ ಹಳ್ಳಿಗಳ ಬಾವಿ, ತೊಟ್ಟಿಗಳಿಗೆ ಇದನ್ನು ಬಿಟ್ಟಿರುವುದರಿಂದ ಕರ್ನಾಟಕದ ಬಹಳ ಜನರಿಗೆ ಇದರ ಪರಿಚಯವಿದೆ. ಇದರ ತವರು ಮಾತ್ರ ದೂರದ್ದು, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪ. 1866ರಲ್ಲಿ ಟ್ರಿನಿಡಾಡಿನಿಂದ ಈ ಮೀನನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳಿಸಿದ ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಎಂಬವರ ಹೆಸರೇ ಇದಕ್ಕೆ ಉಳಿಯಿತು. ಬೇಟೆಗಾರನೆದುರು ಸಣ್ಣ ಮೀನು ಹೇಗೆ ನಡೆದುಕೊಳ್ಳುತ್ತದೆ ಎಂಬ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನವಾದ ಮೀನುಗಳಲ್ಲಿ ಇದೂ ಒಂದು.

ಎರಡನೆಯ ಆಯ್ಕೆ ಡಾನಿಯೋ. ಮೈಮೇಲೆ ನೀಲಿ ಪಟ್ಟೆಗಳಿರುವ ಜೀಬ್ರಾ ಡಾನಿಯೋ ಭಾರತದ್ದೇ ಮೀನು. ಅದರ ಹತ್ತಿರದ ಬಳಗದ ಮೀನುಗಳು ಪಶ್ಚಿಮ ಘಟ್ಟದ ತೊರೆಗಳಲ್ಲಿವೆ. ವಾಸನೆಯ ಪ್ರಯೋಗಕ್ಕೆ (ಹಂತ 6) ಡಾನಿಯೋಗಳೇ ಬೇಕು.

ಗಪ್ಪಿಯಾದರೆ ಆರು ಹೆಣ್ಣುಗಳನ್ನು ತನ್ನಿ. ಗಂಡುಗಳು ನೋಡಲು ಚಂದ, ಆದರೆ ಹೆಣ್ಣಿನ ಬೆನ್ನು ಬಿಡುವುದಿಲ್ಲ. ಆ ಗಡಿಬಿಡಿಯಲ್ಲಿ ನಿಮಗೆ ಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ. ಗಾತ್ರ, ಬಣ್ಣ ಆದಷ್ಟು ಒಂದೇ ಆಗಿರಲಿ. ಇದಕ್ಕೊಂದು ಕಾರಣವಿದೆ. ಹಿಂಡಿನಲ್ಲಿ ಎಲ್ಲವೂ ಒಂದೇ ಥರ ಕಂಡಾಗ ಬೇಟೆಗಾರನಿಗೆ ಯಾವುದನ್ನು ಹಿಡಿಯುವುದೆಂದು ಕಣ್ಣು ನಿಲ್ಲುವುದಿಲ್ಲ. 1986ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಎಂಟು ಮೀನುಗಳ ಹಿಂಡಿನೊಳಗೆ ಒಂದೆರಡಕ್ಕೆ ನೀಲಿ ಬಣ್ಣ ಹಾಕಿ ಬಾಸ್ ಎಂಬ ಬೇಟೆಗಾರ ಮೀನಿನ ಎದುರು ಬಿಟ್ಟರು. ನೀಲಿಯವು ಸಿಕ್ಕಿಬಿದ್ದದ್ದಷ್ಟೇ ಅಲ್ಲ, ಅವುಗಳ ಜೊತೆಯಲ್ಲಿದ್ದ ಮಾಮೂಲಿ ಮೀನುಗಳೂ ಹೆಚ್ಚು ಸುಲಭವಾಗಿ ಬಾಸ್‌ನ ಬಾಯಿಗೆ ಬಿದ್ದವು. ತನ್ನನ್ನೇ ಹೋಲುವ ಜೊತೆಗಾರರನ್ನು ಮೀನು ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ.

ಹಂತ 2: ದಡದಲ್ಲಿ ಕೂರಲು ಕಲಿಯಿರಿ

ತೊಟ್ಟಿಗೆ ಮೊದಲು ಹಳ್ಳಕ್ಕೆ ಹೋಗಿ. ಬೆಳಗ್ಗೆ ಗಾಳಿ ಏಳುವ ಮುಂಚೆ, ನೀರು ಕನ್ನಡಿಯಂತಿರುವಾಗ, ಮೊಣಕಾಲಿಗಿಂತ ಆಳವಿಲ್ಲದ ತಿಳಿನೀರಿನ ಅಂಚು ಹುಡುಕಿ. ಮಳೆಗಾಲದ ಕೆಂಪು ನೀರಿನಲ್ಲಿ ಏನೂ ಕಾಣುವುದಿಲ್ಲ. ದೀಪಾವಳಿ ಕಳೆದ ಮೇಲಿನ ತಿಂಗಳುಗಳೇ ಇದಕ್ಕೆ ಸರಿ. ಪ್ರತಿಫಲನ ತಡೆಯುವ ಪೋಲರಾಯ್ಡ್ ಕನ್ನಡಕವಿದ್ದರೆ ನೀರೊಳಗಿನ ಲೋಕವೇ ಬೇರೆಯಾಗಿ ಕಾಣುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ದಡಕ್ಕೆ ಬಂದ ಕೂಡಲೇ ಎಣಿಸಲು ಶುರು ಮಾಡುತ್ತಾರೆ. ಆದರೆ ಮೀನಿನ ಪಾಲಿಗೆ ಆ ಹೊತ್ತಿನ ಬೇಟೆಗಾರ ನೀವೇ. ನೀರೊಳಗಿನ ಮೀನಿಗೆ ಹೊರಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಆ ಕಿಟಕಿಯ ಅಗಲ ಸುಮಾರು 97 ಡಿಗ್ರಿ. ನೀವು ನಿಂತರೆ ಆ ಕಿಟಕಿಯೊಳಗೆ ಎದ್ದು ಕಾಣುತ್ತೀರಿ. ನೀರಿನಿಂದ ದೂರ ಸರಿದು ಕುಕ್ಕರುಗಾಲಿನಲ್ಲಿ ಕೂತರೆ ಕಿಟಕಿಯ ಅಂಚಿನಲ್ಲಿ ಕುಗ್ಗಿ ಮಸುಕಾಗುತ್ತೀರಿ. ಹಾಗಾಗಿ ತಗ್ಗಿ ಕೂರಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಸೂರ್ಯನಿಗೆ ಮುಖ ಮಾಡಿ ಕೂರಿ. ಮಂದ ಬಣ್ಣದ ಬಟ್ಟೆ ಇರಲಿ. ಆಮೇಲೆ ಇಪ್ಪತ್ತು ನಿಮಿಷ ಏನೂ ಮಾಡಬೇಡಿ.

ಆ ಇಪ್ಪತ್ತು ನಿಮಿಷ ನಷ್ಟವಲ್ಲ, ಅದೇ ನಿಮ್ಮ ಮೊದಲ ದಾಖಲೆ. ನೀವು ಕೂತ ಎಷ್ಟು ನಿಮಿಷಕ್ಕೆ ಮೊದಲ ಮೀನು ಮರೆಯಿಂದ ಹೊರಬಂತು, ಎಷ್ಟು ನಿಮಿಷಕ್ಕೆ ಮೊದಲ ಸಲ ಕಲ್ಲಿನ ಪಾಚಿಗೆ ಬಾಯಿ ಹಾಕಿತು ಎಂದು ಬರೆದುಕೊಳ್ಳಿ. ಜನ ಬಲೆ, ಗಾಳ ಹಾಕುವ ಹಳ್ಳಕ್ಕೂ ಮೀನು ಹಿಡಿಯುವುದನ್ನು ನಿಷೇಧಿಸಿರುವ ಜಾಗಕ್ಕೂ ಈ ಹೊತ್ತು ಬೇರೆ ಬೇರೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಜನರ ಕಾಲ ಬುಡಕ್ಕೇ ಬರುವುದನ್ನು ನೀವು ನೋಡಿರಬಹುದು. ಅಲ್ಲಿ ಮನುಷ್ಯನ ನೆರಳು ಬಿದ್ದರೆ ಮಂಡಕ್ಕಿ ಬರುತ್ತದೆಂದು ಮೀನು ಕಲಿತಿದೆ. ಅಂಥದೇ ಮೀನು ಬೇರೆ ಹೊಳೆಯಲ್ಲಿ ಅದೇ ನೆರಳಿಗೆ ಮಡುವಿನ ಆಳಕ್ಕೆ ಇಳಿದುಬಿಡುತ್ತದೆ. ಹೆದರಿಕೆ ಹುಟ್ಟಿನಿಂದ ಬಂದದ್ದೆಷ್ಟು, ಕಲಿತದ್ದೆಷ್ಟು ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ.

ನಿಜವಾದ ಬೇಟೆಗಾರರು ಬರುವುದನ್ನೂ ಕಾಯಿರಿ. ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ, ನೀರೊಳ್ಳೆ ಹಾವು, ಕೆರೆಯಾದರೆ ಹಾವಿನಂಥ ತಲೆಯ ಮುರ್ರೆಲ್ ಮೀನು (ಇದಕ್ಕೆ ಕೆಲವು ಕಡೆ ಕೊರವ, ಕೆಲವು ಕಡೆ ಕುಚ್ಚು ಎನ್ನುತ್ತಾರೆ). ಹಕ್ಕಿ ಬಂದರೆ ಮೀನು ಆಳಕ್ಕೋ ಗಿಡದ ಮರೆಗೋ ಸರಿಯುತ್ತದೆ. ಮುರ್ರೆಲ್ ಬಂದರೆ ಅಂಚಿನ ತೆಳುನೀರಿಗೆ ಬರುತ್ತದೆ. ಎರಡೂ ಒಟ್ಟಿಗೆ ಇದ್ದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡುವ ಭಾಗ್ಯ ಸಿಕ್ಕಿದರೆ ದಯವಿಟ್ಟು ಬರೆದಿಡಿ.

ಹಂತ 3: ಎಣಿಸಬೇಕಾದ ನಾಲ್ಕು ಸಂಗತಿ

"ಹೆದರಿತು" ಎಂದು ಬರೆಯಬೇಡಿ. ಕಂಡದ್ದನ್ನು ಬರೆಯಿರಿ. ನನ್ನ ಅನುಭವದಲ್ಲಿ ನಾಲ್ಕು ಅಳತೆ ಸಾಕು.

ಒಂದು, ಬಾಯಿ ಹಾಕುವ ಲೆಕ್ಕ. ಒಂದೇ ಮೀನಿನ ಮೇಲೆ ಕಣ್ಣಿಟ್ಟು, ಒಂದು ನಿಮಿಷದಲ್ಲಿ ಅದು ತಳಕ್ಕೋ ಗಿಡಕ್ಕೋ ಎಷ್ಟು ಸಲ ಬಾಯಿ ಹಾಕಿತೆಂದು ಎಣಿಸಿ. ಎಲ್ಲಕ್ಕಿಂತ ಸೂಕ್ಷ್ಮವಾದ ಅಳತೆ ಇದೇ. ಈಜು ಮಾಮೂಲಿಯಾಗಿಯೇ ಕಾಣುವಾಗಲೂ ಈ ಸಂಖ್ಯೆ ಇಳಿದಿರುತ್ತದೆ.

ಎರಡು, ಒತ್ತು. ಪಕ್ಕದ ಮೀನು ಎಷ್ಟು ಮೈಯುದ್ದ ದೂರದಲ್ಲಿದೆ? ನಾಲ್ಕು ಮೈಯುದ್ದದೊಳಗೆ ಇರುವವನ್ನು ಒಂದೇ ಹಿಂಡಿನವು ಎಂದು ಲೆಕ್ಕ ಹಾಕುವುದು ಸಂಶೋಧಕರ ರೂಢಿ. ಮೂರು, ಆಳ: ಮೇಲೆ, ನಡುವೆ, ತಳ. ನಾಲ್ಕು, ಮರೆಯಿಂದ ಎಷ್ಟು ದೂರ.

ಹಿಂಡು ದೊಡ್ಡದಾದಂತೆ ಮೊದಲ ಸಂಖ್ಯೆ ಹೇಗೆ ಬದಲಾಗುತ್ತದೆಂದೂ ಗಮನಿಸಿ. ಬ್ರಿಟನ್ನಿನಲ್ಲಿ ಆನ್ ಮಗುರಾನ್ ಮತ್ತು ಸಂಗಡಿಗರು 1985ರಲ್ಲಿ ಮಿನ್ನೋ ಎಂಬ ಸಣ್ಣ ಮೀನುಗಳಲ್ಲಿ ತೋರಿಸಿದ್ದು ಇದನ್ನೇ. ದೊಡ್ಡ ಹಿಂಡು ಬೇಟೆಗಾರನ ಸುಳಿವನ್ನು ಬೇಗ ಹಿಡಿಯುತ್ತದೆ, ಆದರೂ ಅದರ ಮೀನುಗಳು ಹೆಚ್ಚು ಹೊತ್ತು ತಿನ್ನುತ್ತಲೇ ಇರುತ್ತವೆ. ಕಾವಲಿಗೆ ಹತ್ತು ಜೋಡಿ ಕಣ್ಣಿದ್ದರೆ ಒಬ್ಬೊಬ್ಬರೂ ನೆಮ್ಮದಿಯಾಗಿ ಉಣ್ಣಬಹುದು.

ಹಂತ 4: ಪಕ್ಕದ ಮನೆಗೆ ಬೇಟೆಗಾರ

ಈಗ ತೊಟ್ಟಿ. ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನೀರು ತುಂಬಿ, ತಳಕ್ಕೆ ತೆಳ್ಳಗೆ ಮರಳು ಹಾಕಿ, ಒಂದು ತುದಿಯಲ್ಲಷ್ಟೇ ಜಲಸಸ್ಯ ನೆಡಿ. ಹೊರಗಿನ ಗಾಜಿಗೆ ಐದು ಸೆಂಟಿಮೀಟರಿಗೊಂದರಂತೆ ಟೇಪಿನ ಸಣ್ಣ ಗೆರೆ ಅಂಟಿಸಿ. ಆರು ಗಪ್ಪಿಗಳನ್ನು ಬಿಟ್ಟು ಒಂದು ವಾರ ಹಾಗೇ ಇರಲು ಬಿಡಿ, ಅವು ಜಾಗಕ್ಕೆ ಒಗ್ಗಬೇಕು.

ಗಿಡವಿಲ್ಲದ ತುದಿಗೆ ತಾಗಿದಂತೆ ಎರಡನೆಯ ತೊಟ್ಟಿ ಇಡಿ. ನಡುವೆ ರಟ್ಟು. ಎರಡನೆಯದರಲ್ಲಿ ಬೇಟೆಗಾರ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಆಸ್ಕರ್‌ನಂಥ ಸಿಚ್ಲಿಡ್ ಮೀನು ಇದಕ್ಕೆ ಹೊಂದುತ್ತದೆ. ಕೊಳ್ಳಬೇಡಿ, ಅದು ಬೇಗ ಬೆಳೆದು ನಿಮ್ಮ ತೊಟ್ಟಿ ಸಾಲದಾಗುತ್ತದೆ. ಸಾಕಿರುವ ಸ್ನೇಹಿತರಿಂದ ಅದರ ತೊಟ್ಟಿಯ ಸಮೇತ ಕೆಲವು ದಿನಕ್ಕೆ ಕೇಳಿ ತನ್ನಿ.

ಕ್ರಮ ಹೀಗೆ. ರಟ್ಟು ಹಾಕಿದ್ದಾಗಲೇ ಐದು ನಿಮಿಷ ನಾಲ್ಕು ಅಳತೆಗಳನ್ನೂ ಬರೆಯಿರಿ. ಮೆಲ್ಲಗೆ ರಟ್ಟು ಎಳೆಯಿರಿ. ಮುಂದಿನ ಐದು ನಿಮಿಷ ಅದೇ ಅಳತೆ. ರಟ್ಟು ಮತ್ತೆ ಇಳಿಸಿ, ಹತ್ತು ನಿಮಿಷ ನೋಡಿ. ದಿನಕ್ಕೆ ಒಂದೇ ಸಲ.

ಇನ್ನೊಂದು ದಿನ ಬೇಟೆಗಾರನ ಬದಲಿಗೆ ಅದೇ ಗಾತ್ರದ ಗೋಲ್ಡ್‌ಫಿಶ್ ಇಟ್ಟು ಇದನ್ನೇ ಮಾಡಬೇಕು. ಮತ್ತೊಂದು ದಿನ ಬರಿಯ ನೀರಿನ ತೊಟ್ಟಿ. ಈ ಎರಡು ದಿನಗಳನ್ನು ಬಿಟ್ಟರೆ ನಿಮ್ಮ ಶ್ರಮವೆಲ್ಲ ನೀರಲ್ಲಿ ಹೋಮ. ಮೀನು ಹೆದರಿದ್ದು ಬೇಟೆಗಾರನಿಗೋ, ದೊಡ್ಡದೊಂದು ಆಕಾರಕ್ಕೋ, ರಟ್ಟು ಅಲುಗಿದ್ದಕ್ಕೋ ಎಂದು ಹೇಳಲು ಬೇರೆ ದಾರಿಯೇ ಇಲ್ಲ.

ಹಂತ 5: ಹತ್ತಿರ ಹೋಗಿ ನೋಡಿ ಬರುವ ಮೀನು

ರಟ್ಟು ಎಳೆದ ಮೊದಲ ಕ್ಷಣದಲ್ಲಿ ಗಪ್ಪಿಗಳು ನಿಂತಲ್ಲೇ ನಿಲ್ಲುತ್ತವೆ. ಬಾಲ ಅಲುಗುವುದಿಲ್ಲ, ಎದೆಯ ರೆಕ್ಕೆಗಳು ಮಾತ್ರ ಸಣ್ಣಗೆ ಬೀಸುತ್ತಿರುತ್ತವೆ. ಆಮೇಲೆ ಒಂದಕ್ಕೊಂದು ಹತ್ತಿರ ಬರುತ್ತವೆ. ಕೆಳಗಿಳಿಯುತ್ತವೆ. ಇಷ್ಟನ್ನು ಎಲ್ಲರೂ ನಿರೀಕ್ಷಿಸುತ್ತಾರೆ. ಅನಂತರದ್ದನ್ನು ಮೊದಲ ಸಲ ಕಂಡಾಗ ನಾನು ಎಣಿಸುವುದನ್ನೇ ಮರೆತೆ.

ಹಿಂಡಿನಿಂದ ಒಂದು ಹೆಣ್ಣು ಬೇರ್ಪಟ್ಟಿತು. ಎರಡು ಸೆಂಟಿಮೀಟರ್ ಮುಂದೆ ಬಂದು ನಿಂತಿತು. ಹಿಂದೆ ಒಂದು ಮೈಯುದ್ದದಲ್ಲಿ ಇನ್ನೊಂದು ಬಂತು. ಮೊದಲನೆಯದು ಮತ್ತೆರಡು ಸೆಂಟಿಮೀಟರ್ ಮುಂದೆ, ಮತ್ತೆ ತಡೆ. ಹೀಗೆ ತಡೆದು ತಡೆದು, ಎರಡೂ ಪಕ್ಕದ ತೊಟ್ಟಿಯ ಮೀನಿನ ಬಾಲದ ಕಡೆಗೆ ಬಂದವು. ಕಣ್ಣು ಅದರ ಮೇಲೇ, ಮೈ ಮಾತ್ರ ಓರೆ, ತಿರುಗಿ ಹೋಗಲು ತಯಾರಾಗಿ. ಸಿಚ್ಲಿಡ್ ಮೈ ತಿರುಗಿಸಿತು. ಹಿಂದಿದ್ದದ್ದು ತಟ್ಟನೆ ಗಿಡದತ್ತ ಹೋಯಿತು. ಮುಂದಿದ್ದದ್ದು ಅರ್ಧ ಸೆಕೆಂಡು ತಡೆದು ಹಿಂಬಾಲಿಸಿತು. ಎಲ್ಲ ಸೇರಿ ಹನ್ನೊಂದು ಸೆಕೆಂಡು.

ಇದಕ್ಕೆ ಬೇಟೆಗಾರನ ತಪಾಸಣೆ ಎನ್ನಬಹುದು. ಹೊಟ್ಟೆ ತುಂಬಿದೆಯೋ ಹಸಿದಿದೆಯೋ, ಹೊಂಚು ಹಾಕುತ್ತಿದೆಯೋ ಸುಮ್ಮನಿದೆಯೋ ಎಂದು ತಿಳಿಯುವ ಪ್ರಯತ್ನ ಇದು. ಹಾಗೆ ಹೋಗುವ ಗಪ್ಪಿಗಳು ಬೇಟೆಗಾರನ ಬಾಯಿಯ ಎದುರಿನ ಜಾಗವನ್ನು ಬಿಟ್ಟು, ಪಕ್ಕದಿಂದಲೋ ಬಾಲದ ಕಡೆಯಿಂದಲೋ ಸಮೀಪಿಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಗೊಡಿನ್ ಮತ್ತು ಡೇವಿಸ್ 1995ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು: ಹೀಗೆ ತಪಾಸಣೆಗೆ ಬಂದ ಗಪ್ಪಿಗಳ ಮೇಲೆ ಸಿಚ್ಲಿಡ್ ಮೀನು ಎರಗುವುದು ಕಡಿಮೆ. ನಿನ್ನನ್ನು ನೋಡಿಯಾಗಿದೆ ಎಂದು ತಿಳಿದ ಮೇಲೆ ಹೊಂಚಿಗೆ ಬೆಲೆಯಿಲ್ಲ.

ಜೊತೆಗಾರನ ಪಾತ್ರವೂ ಕುತೂಹಲದ್ದು. 1987ರಲ್ಲಿ ಮನ್‌ಫ್ರೆಡ್ ಮಿಲಿನ್‌ಸ್ಕಿ ಒಂಟಿ ಸ್ಟಿಕಲ್‌ಬ್ಯಾಕ್ ಮೀನಿನ ಪಕ್ಕದಲ್ಲಿ ಕನ್ನಡಿ ಇಟ್ಟರು. ಕನ್ನಡಿಯೊಳಗಿನ ಮೀನು ಜೊತೆಗೇ ಬರುವಂತೆ ಇಟ್ಟಾಗ ಅದು ಬೇಟೆಗಾರನ ಹತ್ತಿರ ಹೆಚ್ಚು ಹೋಯಿತು. ಕನ್ನಡಿಯನ್ನು ಓರೆಯಾಗಿ ಇಟ್ಟು, ಜೊತೆಗಾರ ಹಿಂದೆ ಸರಿಯುತ್ತಿರುವಂತೆ ತೋರಿಸಿದಾಗ ಇದೂ ಹಿಂಜರಿಯಿತು. ಈ ಪ್ರಯೋಗವನ್ನು ನೀವೂ ಮಾಡಬಹುದು. ಒಂದು ಗಪ್ಪಿ, ತೊಟ್ಟಿಯ ಉದ್ದದ ಬದಿಗೆ ಹೊರಗಿನಿಂದ ತಾಗಿಸಿದ ಒಂದು ಕನ್ನಡಿ, ಅಷ್ಟೇ. ತಪಾಸಣೆಗೆ ಹೊರಟದ್ದು ಯಾವುದು, ಎಷ್ಟನೆಯ ಗೆರೆಯವರೆಗೆ ಬಂತು, ಎಷ್ಟು ಸೆಕೆಂಡು ನಿಂತಿತು ಎಂಬ ಮೂರು ಕಾಲಂ ಮಾಡಿಕೊಳ್ಳಿ. ಆರು ಹೆಣ್ಣುಗಳಲ್ಲಿ ಒಂದೋ ಎರಡೋ ಸದಾ ಮುಂದಾಳುಗಳು ಎಂಬುದು ಕೆಲವೇ ದಿನಗಳಲ್ಲಿ ನಿಮಗೆ ಕಾಣಿಸಬಹುದು. ಮೈಮೇಲಿನ ಚುಕ್ಕೆ, ಬಾಲದ ಅಂಚು ನೋಡಿ ಒಂದೊಂದಕ್ಕೂ ಗುರುತು ಇಟ್ಟುಕೊಳ್ಳಿ.

ಗಾಜು ತಟ್ಟಿ ಓಡಿಸುವ ಆಸೆ ಬೇಡ. ಅದರಲ್ಲಿ ಕಾಣುವುದು ಕಟ್ಟಕಡೆಯ ಆ ಓಟವೇ: ಮೈಯನ್ನು ಕುಡುಗೋಲಿನಂತೆ ಬಾಗಿಸಿ ಚಿಮ್ಮುವುದು. ಮಿದುಳಿನ ಹಿಂಭಾಗದಲ್ಲಿರುವ ಮಾತ್ನರ್ ಎಂಬ ಒಂದು ಜೋಡಿ ದೈತ್ಯ ನರಕೋಶಗಳು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಅದನ್ನು ಶುರು ಮಾಡುತ್ತವೆ. ಬರಿಗಣ್ಣಿಗೆ ಸಿಗುವಂಥದ್ದಲ್ಲ.

ಹಂತ 6: ನೆರಳು, ವಾಸನೆ

ನೆರಳಿನ ಪ್ರಯೋಗ ಸುಲಭ. ಮಿಲಿನ್‌ಸ್ಕಿ ಮತ್ತು ಹೆಲ್ಲರ್ 1978ರಲ್ಲಿ ಮಾಡಿದ್ದರ ಮನೆಯ ರೂಪ ಇದು. ಹಸಿದ ಸ್ಟಿಕಲ್‌ಬ್ಯಾಕ್ ಮೀನು ನೀರುಚಿಗಟಗಳು (ಡಾಫ್ನಿಯಾ ಎಂಬ ಪುಟ್ಟ ಜಲಜೀವಿಗಳು) ದಟ್ಟವಾಗಿರುವ ಕಡೆಗೇ ಮೊದಲು ಹೋಗುತ್ತದೆ. ಮಿಂಚುಳ್ಳಿಯ ಗೊಂಬೆಯನ್ನು ಮೇಲಿಂದ ಹಾಯಿಸಿದ ಮೇಲೆ ಅದು ವಿರಳವಾಗಿರುವ ಕಡೆಗೆ ಹೋಯಿತು. ದಟ್ಟಣೆಯಲ್ಲಿ ಒಂದನ್ನು ಗುರಿಯಿಟ್ಟು ಹಿಡಿಯಲು ಪೂರ್ತಿ ಗಮನ ಬೇಕು, ಆಗ ಹಕ್ಕಿಯ ಮೇಲೆ ಕಣ್ಣಿಡಲಾಗುವುದಿಲ್ಲ. ಹೆದರಿದ ಮೀನು ಊಟ ಬಿಡಲಿಲ್ಲ, ಕಣ್ಣಿಗೆ ಬಿಡುವು ಸಿಗುವಂಥ ಊಟವನ್ನು ಆರಿಸಿಕೊಂಡಿತು. ನೀವು ತೊಟ್ಟಿಯ ಒಂದು ಮೂಲೆಯಲ್ಲಿ ಹೆಚ್ಚು ಸೊಳ್ಳೆಮರಿ, ಇನ್ನೊಂದರಲ್ಲಿ ಕಡಿಮೆ ಹಾಕಿ, ರಟ್ಟಿನಲ್ಲಿ ಕತ್ತರಿಸಿದ ಹಕ್ಕಿಯ ಆಕಾರವನ್ನು ದಾರಕ್ಕೆ ಕಟ್ಟಿ ಒಂದೇ ಸಲ ಮೇಲಿಂದ ಹಾಯಿಸಿ. ಆಮೇಲೆ ಮೊದಲ ಹತ್ತು ತುತ್ತು ಯಾವ ಮೂಲೆಯಿಂದ ಬಂದವೆಂದು ಬರೆಯಿರಿ.

ವಾಸನೆಯ ಕಥೆ ಇನ್ನೂ ಹಳೆಯದು. ಜೇನುನೊಣಗಳ ಕುಣಿತದ ಅರ್ಥವನ್ನು ಬಿಡಿಸಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್, ಗಾಯಗೊಂಡ ಒಂದು ಮಿನ್ನೋ ಮೀನನ್ನು ಹಿಂಡಿಗೆ ಬಿಟ್ಟಾಗ ಉಳಿದವು ಬೆದರಿ ದೂರವಾದದ್ದನ್ನು ಕಂಡು 1938ರಲ್ಲಿ ಪ್ರಕಟಿಸಿದರು. ಹರಿದ ಚರ್ಮದಿಂದ ಹೊರಬರುವ ವಸ್ತುವೊಂದು ಉಳಿದವಕ್ಕೆ ಎಚ್ಚರಿಕೆ ಎಂಬುದು ಅವರ ತೀರ್ಮಾನ. ಗೆಂಡೆ, ಡಾನಿಯೋ, ಕ್ಯಾಟ್‌ಫಿಶ್‌ಗಳು ಸೇರಿದ ಬಹುದೊಡ್ಡ ಮೀನುಗುಂಪಿನಲ್ಲಿ ಈ ಗುಣವಿದೆ. 2012ರಲ್ಲಿ ಸಿಂಗಪುರದ ವಿಜ್ಞಾನಿಗಳು ಜೀಬ್ರಾ ಡಾನಿಯೋದ ಚರ್ಮದ ಕೊಂಡ್ರಾಯ್ಟಿನ್ ಎಂಬ ಸಕ್ಕರೆ ಜಾತಿಯ ವಸ್ತುವಿನ ತುಣುಕುಗಳು ಈ ಎಚ್ಚರಿಕೆಯ ಒಂದು ಭಾಗವೆಂದು ತೋರಿಸಿದರು. ಅದನ್ನು ಗ್ರಹಿಸಿದ ಡಾನಿಯೋ ಮೊದಲು ಅತ್ತಿತ್ತ ಚಿಮ್ಮುತ್ತದೆ, ಆಮೇಲೆ ತಳಕ್ಕಿಳಿದು ಕಲ್ಲಾಗುತ್ತದೆ.

ಮನೆಯಲ್ಲಿ ಇದಕ್ಕಾಗಿ ಮೀನಿನ ಚರ್ಮ ಕೀಳುವ ಮಾತೇ ಇಲ್ಲ. ಬೇಟೆಗಾರನ ತೊಟ್ಟಿಯಿಂದ ಒಂದು ಲೋಟ ನೀರು ತೆಗೆದು ಡಾನಿಯೋಗಳ ತೊಟ್ಟಿಗೆ ಮೆಲ್ಲನೆ ಸುರಿಯಿರಿ. ಇನ್ನೊಂದು ದಿನ ಅಷ್ಟೇ ಬಿಸಿಯ ಬರಿಯ ನೀರು. ಎರಡು ಲೋಟಗಳಿಗೆ ಬೇರೆಯವರಿಂದ ಗುರುತು ಹಾಕಿಸಿ, ಯಾವುದು ಯಾವುದೆಂದು ಎಣಿಸಿ ಮುಗಿಯುವವರೆಗೆ ನಿಮಗೆ ಗೊತ್ತಿರಬಾರದು. ಅಂಗಡಿಯ ಒಣ ಆಹಾರದ ಕಾಳು ತಿಂದು ಬೆಳೆದ ಬೇಟೆಗಾರನ ನೀರಿಗೆ ನಿಮ್ಮ ಮೀನು ಏನೂ ಮಾಡದೆ ಇರಬಹುದು, ಅದೂ ಫಲಿತಾಂಶವೇ. ಮಿನ್ನೋಗಳನ್ನು ತಿಂದ ಪೈಕ್ ಎಂಬ ಬೇಟೆಗಾರ ಮೀನಿನ ಮಲದಲ್ಲಿ ಆ ಎಚ್ಚರಿಕೆಯ ವಸ್ತು ಉಳಿದಿರುತ್ತದೆ, ಉಳಿದ ಮಿನ್ನೋಗಳು ಅದರಿಂದಲೇ ಪೈಕ್ ಇರುವುದನ್ನು ತಿಳಿಯುತ್ತವೆ. 1995ರ ಒಂದು ಕೆನಡಾ ಅಧ್ಯಯನದ ಪ್ರಕಾರ ಪೈಕ್ ತಾನು ಹೊಂಚು ಹಾಕುವ ಜಾಗದಿಂದ ದೂರ ಹೋಗಿ ಮಲ ವಿಸರ್ಜಿಸುತ್ತದೆ.

ಹಂತ 7: ಲೆಕ್ಕ ತಪ್ಪದಿರಲು

ಗೊಂಬೆ ಕಚ್ಚುವುದಿಲ್ಲವೆಂದು ಮೀನು ಬೇಗ ಕಲಿಯುತ್ತದೆ. ನೈಜತೆ ಕಡಿಮೆಯಿದ್ದಷ್ಟು ಬೇಗ. ಅದಕ್ಕೇ ದಿನಕ್ಕೆ ಒಂದೇ ಸಲ ಎಂದದ್ದು. ನಾಲ್ಕನೆಯ ದಿನದ ಹೆದರಿಕೆ ಮೊದಲ ದಿನದ್ದಕ್ಕಿಂತ ಇಳಿದಿದ್ದರೆ ಅದನ್ನು ಅಳಿಸಬೇಡಿ, ಕಲಿಕೆ ಎಂದು ಬೇರೆ ಕಾಲಂನಲ್ಲಿ ಬರೆಯಿರಿ.

ಒಂದೇ ತೊಟ್ಟಿಯ ಆರು ಮೀನು ಆರು ಪ್ರಯೋಗವಲ್ಲ. ಒಂದು ಓಡಿದರೆ ಉಳಿದವೂ ಓಡುತ್ತವೆ, ಆದ್ದರಿಂದ ಅದು ಒಂದೇ. ಶಾಲೆಯಲ್ಲಾದರೆ ಐದಾರು ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಒಂದೊಂದು ತೊಟ್ಟಿ ನೋಡಿ ಕೂಡಿಸಿದರೆ ಮಾತಿಗೆ ತೂಕ ಬರುತ್ತದೆ. ಪ್ರತಿದಿನವೂ ಒಂದೇ ಹೊತ್ತು, ಕಾಳು ಹಾಕುವುದಕ್ಕೆ ಮೊದಲು. ಹಸಿವು ಬದಲಾದರೆ ಧೈರ್ಯವೂ ಬದಲಾಗುತ್ತದೆ.

ಹಂತ 8: ಎರಡು ಊರಿನ ಮೀನುಗಳನ್ನು ಹೋಲಿಸಿ

ಇಲ್ಲಿಯವರೆಗಿನದು ಒಂದು ಮೀನಿನ ಒಂದು ದಿನದ ಕಥೆ. ಟ್ರಿನಿಡಾಡಿನ ಉತ್ತರದ ಬೆಟ್ಟಸಾಲಿನಲ್ಲಿ ಇದೇ ಕಥೆ ತಲೆಮಾರುಗಳ ಅಳತೆಯಲ್ಲಿ ಸಿಗುತ್ತದೆ. ಅಲ್ಲಿನ ಜಲಪಾತಗಳನ್ನು ದೊಡ್ಡ ಬೇಟೆಗಾರ ಮೀನುಗಳು ಹತ್ತಲಾರವು. ಕೆಳಗಿನ ಗಪ್ಪಿಗಳು ಅವುಗಳ ನಡುವೆಯೇ ಬದುಕುತ್ತವೆ, ಮೇಲಿನವಕ್ಕೆ ಆ ಕಾಟ ಕಡಿಮೆ. ಕೆಳಗಿನವು ಒತ್ತಾದ ಹಿಂಡು ಕಟ್ಟುತ್ತವೆ, ಮೇಲಿನವು ಚದುರಿ ಓಡಾಡುತ್ತವೆ ಎಂದು ಬೆನ್ ಸೆಗರ್ಸ್ 1974ರಲ್ಲಿ ಬರೆದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮರಿಗಳಲ್ಲೂ ಈ ವ್ಯತ್ಯಾಸ ಉಳಿಯಿತು. ಅಂದರೆ ಇದು ರಕ್ತದಲ್ಲೇ ಬಂದದ್ದು. ಜಾನ್ ಎಂಡ್ಲರ್ 1976ರಲ್ಲಿ ಕೆಳಗಿನ ಗಪ್ಪಿಗಳನ್ನು, ಗಪ್ಪಿಗಳೇ ಇಲ್ಲದ ಮೇಲಿನ ತೊರೆಗೆ ಬಿಟ್ಟರು. ಹನ್ನೊಂದು ವರ್ಷ, ಮೂವತ್ತರಿಂದ ಅರುವತ್ತು ತಲೆಮಾರು ಕಳೆಯುವಷ್ಟರಲ್ಲಿ ಅವು ತಡವಾಗಿ ಬಲಿತು, ಕಡಿಮೆ ಸಂಖ್ಯೆಯ, ದೊಡ್ಡ ಗಾತ್ರದ ಮರಿಗಳನ್ನು ಹಾಕತೊಡಗಿದ್ದವು ಎಂದು ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದರು.

ನಿಮ್ಮೂರಿನಲ್ಲಿ ಮುರ್ರೆಲ್ ಇರುವ ಕೆರೆಯ ಗಪ್ಪಿ, ಬೇಟೆಗಾರನೇ ಇಲ್ಲದ ಸಿಮೆಂಟ್ ತೊಟ್ಟಿಯ ಗಪ್ಪಿ ಎರಡೂ ಸಿಕ್ಕರೆ ಬೇರೆ ಬೇರೆ ತೊಟ್ಟಿಗಳಲ್ಲಿಟ್ಟು ನಾಲ್ಕನೆಯ ಹಂತವನ್ನು ಎರಡರ ಮೇಲೂ ಮಾಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಆಸೆಯಿರುವ ಪ್ರಯೋಗ ಇದು. ಇದಕ್ಕೆ ದುಬಾರಿ ಉಪಕರಣ ಬೇಡ, ಬೇಕಾದದ್ದು ತಾಳ್ಮೆ.

ಮುಗಿದ ಮೇಲೆ ಗಪ್ಪಿಗಳನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ. ಇದು ಪರದೇಶದ ಮೀನು, ನಮ್ಮ ತೊರೆಗಳ ಸಣ್ಣ ಮೀನುಗಳ ಜಾಗಕ್ಕೂ ಆಹಾರಕ್ಕೂ ಪೈಪೋಟಿಯಾಗುತ್ತದೆ. ತೊಟ್ಟಿಯಲ್ಲೇ ಸಾಕಿ, ಇಲ್ಲವೇ ಸಾಕುವವರಿಗೆ ಕೊಡಿ. ಕೊನೆಯ ದಿನವೂ ರಟ್ಟು ಇಳಿಸಿದ ತಕ್ಷಣ ಪುಸ್ತಕ ಮುಚ್ಚಬೇಡಿ. ಸ್ಟಾಪ್‌ವಾಚ್ ಓಡುತ್ತಿರಲಿ. ಹಿಂಡು ಸಡಿಲವಾಗುತ್ತದೆ, ಒಂದು ಮೀನು ಗಿಡದ ಮರೆಯಿಂದ ಹೊರಬರುತ್ತದೆ, ಮರಳಿನ ಮೇಲೆ ತಲೆ ತಗ್ಗಿಸುತ್ತದೆ. ಅದು ಮೊದಲ ಸಲ ಬಾಯಿ ಹಾಕಿದ ಸೆಕೆಂಡನ್ನು ಬರೆದುಕೊಂಡು, ಆಮೇಲೆ ಕಾಳು ಹಾಕಿ.